ಮಂಜಿನಲ್ಲಿ ಕೆಂಪು ಕುರಿ

ಜುಲೈ ಕೊನೆಯ ಭಾನುವಾರ ಶ್ಲೀವ್ ಕೋರಾ ಬೆಟ್ಟ ಹತ್ತಿ, ತುದಿಯಲ್ಲಿ ಕಾಡುಹಣ್ಣು ಕಿತ್ತು ತಿನ್ನದಿದ್ದರೆ ನೂಲಾಗೆ ಅದು ವರ್ಷವೇ ಅಲ್ಲ. ಪ್ರವಾಸಿಗರೆಲ್ಲ ಪಕ್ಕದ ಹೆಸರುವಾಸಿ ಬೆಟ್ಟಕ್ಕೆ ಸಾಲುಗಟ್ಟುತ್ತಾರೆ, ಹೋಗಲಿ ಬಿಡಿ. ಕಡಲಿಗೆ ಎದೆಯೊಡ್ಡಿ ನಿಂತ ಈ ಬೆಟ್ಟದ ಗತ್ತು ಅವರಿಗೇನು ಗೊತ್ತು! ಆದರೆ ಅವಳ ಸೊಂಟದ ಕೀಲು ಸವೆದಿತ್ತು. ಚಳಿಗಾಲಕ್ಕೆ ಆಪರೇಷನ್, ಆಮೇಲೆ ಬೆಟ್ಟದ ಮಾತೇ ಬೇಡ ಎಂದಿದ್ದರು ಡಾಕ್ಟರು. ಇದೇ ಕೊನೆಯ ಸಲವೆಂದು ಗಂಡ ಕೋಲ್ಮನ್‌ಗೂ ಗೊತ್ತಿತ್ತು.

ಎರಡು ಕೋಲೂರಿಕೊಂಡು, ಹಲ್ಲು ಕಚ್ಚಿ, ಅವಳು ಅರ್ಧ ಬೆಟ್ಟ ಹತ್ತಿದಳು. ಕೈ ಕೊಡಲು ಹೋದ ಗಂಡನಿಗೆ, ಮೊದಲು ನಿನ್ನ ಏದುಸಿರು ನೋಡಿಕೋ ಎಂದಳು. ಎಂಥ ಗಟ್ಟಿಗಿತ್ತಿಯಪ್ಪಾ ಎಂದು ಅವನಿಗೆ ಹೆಮ್ಮೆ ಉಕ್ಕಿತು. ಅಷ್ಟರಲ್ಲಿ ಕಡಲಿನಿಂದ ಮಂಜು ಎದ್ದು ಬಂದು ಕಾಲುದಾರಿಯನ್ನೇ ನುಂಗಿತು. ಅಂದಾಜಿನ ಮೇಲೆ ಒಂದಷ್ಟು ದೂರ ನಡೆದರು.

ಮಂಜು ಕವಿದರೆ ಆ ಊರಿನವರಿಗೆ ಕುರಿಗಳೇ ದಿಕ್ಕು. ಗುರುತಿಗೆಂದು ಒಂದೊಂದು ಮನೆಯ ಕುರಿಯ ಬೆನ್ನಿಗೆ ಒಂದೊಂದು ಬಣ್ಣ ಬಳಿದಿರುತ್ತಾರೆ. ಕುರಿಗಳೋ, ತಾಯಿ ಮೇಯ್ದ ಬೆಟ್ಟದ ಮಗ್ಗುಲು ಬಿಟ್ಟು ಕದಲುವುದಿಲ್ಲ. ನೂಲಾಳ ಮನೆಯ ನೀಲಿ ಕಂಡರೆ ಪೂರ್ವ, ಭಯವಿಲ್ಲ. ನೆರೆಮನೆ ಮಲಾಕಿಯ ಕೆಂಪು ಕಂಡರೆ ಪಶ್ಚಿಮ, ಹೆಜ್ಜೆ ತಪ್ಪಿದರೆ ಸೀದಾ ಕಡಲಿಗೆ.

ಎದುರಿಗೆ ಒಂದು ಕುರಿ ಮುಖ ತೋರಿಸಿತು. ಬೆನ್ನ ಮೇಲೆ ಕೆಂಪು.

ನೂಲಾ ನಿಂತುಬಿಟ್ಟಳು. ದಾರಿ ತಪ್ಪಿದ್ದೇವೆ, ಇಳಿಯೋಣ ಎಂದಳು.

ಮುಂದಿದ್ದ ಕೋಲ್ಮನ್‌ಗೆ ಆ ಕುರಿಯ ಕಿವಿಯಲ್ಲಿ ಮನೆಯ ಗುರುತಿನ ಸೀಳು ಕಂಡಿತು. ತಮ್ಮದೇ! ಅವನು ಮನೆ ಅಳಿಯ, ಆ ನೀಲಿ ಅವಳ ಮುತ್ತಜ್ಜನ ಕಾಲದ್ದು. ಈ ಸಲ ಉಣ್ಣೆ ಕತ್ತರಿಸಿದ ಮೇಲೆ ಬಳಿಯಲು ನೋಡಿದರೆ ನೀಲಿ ಮುಗಿದಿತ್ತು. ಪೇಟೆಗೆ ಹೋಗಲು ಸೋಮಾರಿತನ, ಮಲಾಕಿಯ ಡಬ್ಬದಲ್ಲಿ ಉಳಿದಿದ್ದ ಕೆಂಪನ್ನೇ ಬಳಿದಿದ್ದ. ಸೊಂಟ ನೋವಿನವಳು ಬೆಟ್ಟಕ್ಕೆ ಬಂದಿರಲಿಲ್ಲ, ನೋಡಿರಲಿಲ್ಲ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಅವನು ಬಚಾವು. ಅವಳ ಬೆಟ್ಟ ಮಾತ್ರ ಅಲ್ಲಿಗೇ ಮುಗಿಯುತ್ತಿತ್ತು.

“ನೂಲಾ, ಅದು ನಮ್ಮದೇ ಕಣೇ,” ಎಂದ. “ಕೆಂಪು ಬಳಿದೋನು ನಾನೇ. ದಾರಿ ತಪ್ಪಿಲ್ಲ.”

ಅವಳು ದುರುಗುಟ್ಟಿ ನೋಡಿದಳು. “ನಮ್ಮಪ್ಪ ಇದ್ದಿದ್ರೆ ನಿನ್ನ ಬೆನ್ನಿಗೇ ಬಳೀತಿದ್ದ,” ಎಂದವಳೇ ಕೋಲು ಕುಟ್ಟುತ್ತ ಮೇಲಕ್ಕೆ ನಡೆದಳು. ಸಿಟ್ಟು ನೋವನ್ನು ಮರೆಸಿತ್ತೋ ಏನೋ, ಅವನೇ ಹಿಂದುಳಿದ.

ತುದಿ ತಲುಪುವಷ್ಟರಲ್ಲಿ ಮಂಜು ಹರಿಯಿತು. ಕೆಳಗೆ ಕಡಲು, ಬಿಸಿಲು ಬಿದ್ದ ದ್ವೀಪಗಳು. ಎಷ್ಟು ಸಲ ಕಂಡರೂ ಸಾಲದ ನೋಟ. ನೂಲಾ ಹಣ್ಣು ಬಾಯಿಗೆ ಹಾಕಿಕೊಂಡು, ಮರೆಮಾಚದೆ ಅತ್ತಳು. ಕೋಲ್ಮನ್ ತಪ್ಪಾಯಿತು ಎನ್ನಲು ಬಾಯಿ ತೆರೆದ.

“ಸುಮ್ನಿರು. ಈಗ ಕಣ್ತುಂಬ ನೋಡ್ಕೋ,” ಎಂದಳು. “ಇಳೀವಾಗ ಬೈತೀನಿ.”