ಅಡುಗೆ ಮಾಡುವವರನ್ನು ಕರೆತನ್ನಿ ಎಂದವರು

ಅವರು ಬಯಲಿನಲ್ಲೂ ಅಡ್ಡಡ್ಡಲಾಗಿಯೇ ನಡೆಯುತ್ತಿದ್ದರು. ನಾಲ್ಕು ಬಂಡಿಗಳು ಒಟ್ಟಿಗೆ ಹೋಗುವಷ್ಟು ಅಗಲದ ಬೀದಿ ಎದುರಿಗಿದ್ದರೂ ಬಲಭುಜವನ್ನು ಮುಂದೆ ಮಾಡಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಕಣ್ಣಿಗೆ ಕಾಣದ ಯಾವುದೋ ಗಾಜಿನ ಸಾಮಾನಿಗೆ ತಗುಲದಂತೆ ಎಚ್ಚರ ವಹಿಸುತ್ತ ಸಾಗುವ ಆ ನಡಿಗೆಯನ್ನು ಮೊದಲ ಸಲ ಕಂಡವರು, ಸೊಂಟ ಹಿಡಿದುಕೊಂಡಿದೆಯೇನೋ ಪಾಪ ಎಂದು ಮರುಗುತ್ತಿದ್ದರು. ಸೊಂಟಕ್ಕೆ ಏನೂ ಆಗಿರಲಿಲ್ಲ. ಇಪ್ಪತ್ತೆಂಟು ವರ್ಷ ಎರಡು ಸಾಲು ಒಲೆಗಳ ನಡುವಿನ ಒಂದೂವರೆ ಅಡಿ ಓಣಿಯಲ್ಲಿ ಓಡಾಡಿದ ದೇಹ, ಬಾಗಿಲು ಹಾಕಿ ಬೀಗ ಜಡಿದ ಮೇಲೂ ಅಂಗಡಿಯೊಳಗೇ ಉಳಿದುಬಿಡುತ್ತಿತ್ತು, ಅಷ್ಟೆ.

ಅವರದು ಒಲೆಯಂಗಡಿ. ಕಟ್ಟೆಯ ಮೇಲೆ ಇಡುವ ಒಲೆಗಳೂ ಇದ್ದವು. ಆದರೆ ಅವರ ಪ್ರತಿಷ್ಠೆಯೆಲ್ಲ ಇದ್ದದ್ದು ಕಟ್ಟೆಯ ಕಲ್ಲನ್ನೇ ಕೊರೆದು ಅದರೊಳಗೆ ಕೂರಿಸುವ, ಈಗಿನವರು ಹಾಬ್ ಎಂದು ಕರೆಯುವ ನುಣುಪಾದ ಒಲೆಗಳಲ್ಲಿ. ಚಳಿಯೋ ಸೆಕೆಯೋ, ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಎಡಜೇಬಿನಲ್ಲಿ ಅಳತೆಪಟ್ಟಿ ಮತ್ತು ಸೀಮೆಸುಣ್ಣ, ಬಲಜೇಬಿನಲ್ಲಿ ಒಂದು ಅಯಸ್ಕಾಂತ. ವಿದ್ಯುತ್ತಿನ ಇಂಡಕ್ಷನ್ ಒಲೆ ಕೇಳಿಕೊಂಡು ಬಂದವರ ಪಾತ್ರೆಗಳ ತಳಕ್ಕೆ ಅದನ್ನು ಹಚ್ಚಿ, ಅಂಟಿದರೆ 'ನಡೀತದೆ', ಅಂಟದಿದ್ದರೆ 'ಮೊದಲು ಪಾತ್ರೆ ಬದಲಾಯ್ಸಿ, ಆಮೇಲೆ ಒಲೆ ಮಾತು' ಎಂದು ತೀರ್ಪು ಕೊಡುತ್ತಿದ್ದರು. ಊಟಕ್ಕೆ ಕರೆದವರ ಮನೆಯಲ್ಲೂ ಆ ಅಯಸ್ಕಾಂತ ಹೊರಬರುತ್ತಿತ್ತೆಂದೂ, ಒಮ್ಮೆ ಬಡಿಸಲು ತಂದ ಪಾತ್ರೆಯನ್ನು ಮಗುಚಿ ನೋಡುವಷ್ಟರಲ್ಲಿ ಅವರ ಹೆಂಡತಿ ಮೊಣಕೈಯಿಂದ ತಿವಿದು ನಿಲ್ಲಿಸಿದರೆಂದೂ ಬೀದಿಯಲ್ಲಿ ಪ್ರತೀತಿ. ನಾನು ಕೇಳಿದಾಗ ಅವರು ಅಲ್ಲಗಳೆಯಲಿಲ್ಲ.

ಆದರೆ ಬೀದಿಯವರು ಅವರನ್ನು ಗುರುತಿಸುತ್ತಿದ್ದುದು ಕೋಟಿನಿಂದಲೂ ಅಲ್ಲ, ಅಯಸ್ಕಾಂತದಿಂದಲೂ ಅಲ್ಲ, ಒಂದು ಪ್ರಶ್ನೆಯಿಂದ. ಯಾರೇ ಮೆಟ್ಟಿಲೇರಲಿ, ಎಷ್ಟೇ ದೊಡ್ಡ ಮನುಷ್ಯನಾಗಲಿ, ಬನ್ನಿ ಕೂತ್ಕೊಳ್ಳಿ ಎನ್ನುವ ಮೊದಲೇ ಅವರು ಕೇಳುತ್ತಿದ್ದುದು, 'ಮನೇಲಿ ಅಡುಗೆ ಯಾರ್ದು?' ಹೀಗಾಗಿ ಆ ಅಂಗಡಿಗೆ 'ಅಡುಗೆಯಾರ್ದು' ಎಂದೇ ಹೆಸರು ಬಿದ್ದು, ಮುಂದೆ ತೂಗುಹಾಕಿದ್ದ ಬಣ್ಣದ ಫಲಕವನ್ನು ಓದುವವರೇ ಇಲ್ಲವಾಗಿದ್ದರು. ಅಡುಗೆ ಮಾಡುವವರು ಜೊತೆಯಲ್ಲಿಲ್ಲದೆ ಬಂದವರಿಗೆ ಅವರು ಒಲೆ ತೋರಿಸುತ್ತಿರಲಿಲ್ಲ. ಬಂದವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುವ ಇಂಥ ವ್ಯಾಪಾರ ಎಷ್ಟು ದಿನ ನಡೆದೀತು ಎಂದು ಎದುರಂಗಡಿಯವರು ಕಾಯುತ್ತ ಕಾಯುತ್ತ ಮುದುಕರಾದರು.

ಒಮ್ಮೆ ಒಬ್ಬ ವಕೀಲರು ಹೊಸ ಮನೆಗೆಂದು ಐದು ಉರಿಗಳ, ಕನ್ನಡಿಯಂತೆ ಹೊಳೆಯುವ ಗಾಜಿನ ಹಾಬನ್ನು ಬೆರಳಿಟ್ಟು ತೋರಿಸಿ, ಕಳಿಸಿಕೊಡಿ ಎಂದರು.

'ಮನೇಲಿ ಅಡುಗೆ ಯಾರ್ದು?'

'ಅದೆಲ್ಲ ನಿಮಗ್ಯಾಕ್ರೀ?'

'ಒಲೆ ಅವ್ರಿಗಲ್ವಾ ಸ್ವಾಮಿ? ಅವ್ರನ್ನ ಕರ್ಕೊಂಡ್ಬನ್ನಿ.'

ವಕೀಲರು ಕಾನೂನು ಮಾತಾಡುತ್ತ ಇಳಿದು ಹೋದವರು, ಊರಿನ ಉಳಿದ ಅಂಗಡಿಗಳನ್ನೆಲ್ಲ ಸುತ್ತಿ, ವಾರದ ನಂತರ ಎಪ್ಪತ್ತು ದಾಟಿದ ತಮ್ಮ ತಂದೆಯನ್ನು ಕೈಹಿಡಿದು ಕರೆತಂದರು. ಆ ಮನೆಯ ಅಡುಗೆ ಅವರದಂತೆ. ಮುದುಕರು ಐದು ಉರಿಯ ಹಾಬನ್ನು ಒಮ್ಮೆ ನೋಡಿ, 'ಇಷ್ಟೊಂದು ಪಾತ್ರೆ ಯಾರು ತೊಳೀತಾರೋ?' ಎಂದು ಮಗನನ್ನು ಕೇಳಿದರು. ಮೂರು ಉರಿಯದು ಹೋಯಿತು.

ಅವರ ಕಾರ್ಯವಿಧಾನವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಗಡಿಯ ಹಿಂಬದಿಯಲ್ಲಿ, ಅಡುಗೆಕಟ್ಟೆಯ ಎತ್ತರಕ್ಕೆ ಸರಿಯಾಗಿ ಒಂದು ಕಪ್ಪು ಹಲಗೆ. ಬಂದವರನ್ನು ಅದರ ಮುಂದೆ ನಿಲ್ಲಿಸಿ, ಕೈಗೆ ಖಾಲಿ ಪಾತ್ರೆಗಳನ್ನು ಕೊಟ್ಟು, 'ಈಗ ಸುಮ್ನೆ ಅಡುಗೆ ಮಾಡಿ' ಎನ್ನುತ್ತಿದ್ದರು. ಜನ ಮೊದಲು ನಾಚುತ್ತಿದ್ದರು, ನಗುತ್ತಿದ್ದರು. ಆಮೇಲೆ ಇಲ್ಲದ ಹಾಲನ್ನು ಇಲ್ಲದ ಉರಿಯ ಮೇಲಿಟ್ಟು, ಇಲ್ಲದ ಈರುಳ್ಳಿಯನ್ನು ಹುರಿಯುತ್ತ, ಐದೇ ನಿಮಿಷದಲ್ಲಿ ತಾವು ನಿಂತಿರುವುದು ಅಂಗಡಿ ಎಂಬುದನ್ನೇ ಮರೆತುಬಿಡುತ್ತಿದ್ದರು. ಅಂಗಡಿಯವರು ಪಕ್ಕದಲ್ಲಿ ಬಾಗಿ ನಿಂತು, ದೊಡ್ಡ ಪಾತ್ರೆ ಎಲ್ಲಿ ಕೂರುತ್ತದೆ, ಕೈ ಎಷ್ಟು ದೂರ ಚಾಚುತ್ತದೆ, ಉರಿ ತಗ್ಗಿಸಲು ಯಾವ ಕಡೆಗೆ ಹೋಗುತ್ತದೆ ಎಂಬುದನ್ನೆಲ್ಲ ಸೀಮೆಸುಣ್ಣದಿಂದ ಹಲಗೆಯ ಮೇಲೆ ಗುರುತು ಹಾಕುತ್ತಿದ್ದರು. ಕಡೆಗೆ ಹಲಗೆಯ ಮೇಲೆ ಮೂಡಿದ ಚಿತ್ರಕ್ಕೆ ಹೊಂದುವ ಒಲೆಯನ್ನೇ ಅವರು ಕೊಡುತ್ತಿದ್ದುದು. ಕಿಟಕಿಯ ಗಾಳಿ ಹೊಡೆಯುವ ಮನೆಗೆ ಉರಿ ಆರಿದೊಡನೆ ಅನಿಲ ತಾನಾಗಿ ನಿಲ್ಲುವಂಥದು. ಭಾರದ ಪಾತ್ರೆ ಕುಕ್ಕುವವರಿಗೆ ಗಾಜು ಬೇಡವೇ ಬೇಡ, ಉಕ್ಕು. ಗಿಡ್ಡ ಆಳಾದರೆ ಉರಿಗಳೆಲ್ಲ ಮುಂದಿನ ಸಾಲಿನಲ್ಲೇ ಇರುವಂಥದು. ಇದರಲ್ಲಿ ಅವರಿಗೆ ಅಹಂಕಾರವೂ ಇತ್ತು, ಸುಳ್ಳೇಕೆ ಹೇಳಲಿ. 'ಇಪ್ಪತ್ತೆಂಟು ವರ್ಷ ಆಯ್ತು, ನನ್ನ ಅಳತೆ ಒಂದ್ಸಲಾನೂ ತಪ್ಪಿಲ್ಲ' ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಆ ಮಾತು ಬಂತೆಂದರೆ ನಾನು ಆಕಳಿಸುತ್ತಿದ್ದೆ.

ನನಗೆ ಅವರ ಪರಿಚಯವಾದದ್ದು ಅತ್ತಿಗೆಯಿಂದ. ಉಣ್ಣುವುದರಲ್ಲಲ್ಲದೆ ಅಡುಗೆಯ ಮತ್ಯಾವ ಶಾಖೆಯಲ್ಲೂ ಪರಿಣತಿಯಿಲ್ಲದ ನಾನು, ಹನ್ನೊಂದನೆಯ ವಯಸ್ಸಿನಿಂದ ಅಣ್ಣನ ಮನೆಯಲ್ಲಿ, ಅತ್ತಿಗೆಯ ಕೈಯ ಅನ್ನದಲ್ಲಿ ಬೆಳೆದವನು. ಆಕೆಗೆ ಅಡುಗೆಮನೆಯೆಂದರೆ ದುಡಿಮೆಯ ಜಾಗವಲ್ಲ, ಆಳ್ವಿಕೆಯ ಜಾಗ. ಅಲ್ಲಿ ಅಣ್ಣನೂ ಕೇಳಿಕೊಂಡೇ ಕಾಲಿಡಬೇಕು. ಅರುವತ್ತರ ಹೊಸ್ತಿಲಲ್ಲಿ ಆಕೆಗೆ ಸಣ್ಣದೊಂದು ಪಾರ್ಶ್ವವಾಯು ತಗುಲಿ, ನಾಲ್ಕಾರು ತಿಂಗಳಲ್ಲಿ ವಾಸಿಯಾಯಿತೆಂದು ವೈದ್ಯರೂ ಹೇಳಿ, ಬಲಗೈ ಮೊದಲಿನಂತೆ ಆಡತೊಡಗಿದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಅಣ್ಣನಿಗೆ ಹೆದರಿಕೆ ಹೋಗಲಿಲ್ಲ. ಆತನ ಪ್ರೀತಿ ಅಪ್ಪಣೆಯ ರೂಪದಲ್ಲೇ ಹೊರಬರುತ್ತಿದ್ದದ್ದು. 'ಕೈ ಸರಿ ಇದ್ರೆ ಸರಿ. ಒಂದಿಷ್ಟು ಎಡವಟ್ಟು ಕಂಡ್ರೂ ಒಲೆ ಹತ್ರ ಹೋಗೋ ಹಾಗಿಲ್ಲ, ಅಡುಗೆಗೆ ಜನ ಇಡ್ತೀನಿ' ಎಂದು ಸಾರಿಬಿಟ್ಟ. ಅತ್ತಿಗೆ, 'ಕೈಗೇನಾಗಿದೆ? ಕಲ್ಲು ಹಂಗಿದೆ' ಎಂದಳು. ಹಳೆಯ ಒಲೆಯ ಉರಿ ಭುಗ್ಗೆನ್ನುತ್ತಿದ್ದುದರಿಂದ, ಅದನ್ನಾದರೂ ಬದಲಾಯಿಸೋಣವೆಂದು ಮೂವರೂ 'ಅಡುಗೆಯಾರ್ದು' ಅಂಗಡಿಗೆ ಹೋದೆವು.

ಅಂದು ಅತ್ತಿಗೆ ಹಲಗೆಯ ಮುಂದೆ ಮಾಡಿದ ಅಡುಗೆಯನ್ನು ನಾನು ಮರೆಯಲಾರೆ. ಬಲಗೈ ಎಷ್ಟು ಲೀಲಾಜಾಲವಾಗಿ ತಿರುಗಿತೆಂದರೆ, ಅಣ್ಣನ ಮುಖ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಸಡಿಲಾಯಿತು. ಒಲೆಯಂಗಡಿಯವರು ಸರಸರನೆ ಗುರುತು ಹಾಕಿದರು: ದೊಡ್ಡ ಉರಿ ಬಲಕ್ಕೆ ಮುಂದೆ, ಉರಿ ಹೆಚ್ಚುಕಡಿಮೆ ಮಾಡುವ ಗುಬ್ಬಿಗಳೆಲ್ಲ ಬಲದಂಚಿಗೆ. ಮೇಸ್ತ್ರಿ ಬಂದು ಕಲ್ಲು ಕೊರೆದ. ನಾಲ್ಕು ಉರಿಯ ಉಕ್ಕಿನ ಹಾಬು ಕಟ್ಟೆಯಲ್ಲಿ ಅಂದವಾಗಿ ಕೂತಿತು.

ಮೂರನೆಯ ವಾರ ಅತ್ತಿಗೆಯ ಎಡತೋಳಿನ ಬಟ್ಟೆ ಸುಟ್ಟಿತು. ಹಾಲು ಉಕ್ಕುವಾಗ ಉರಿ ತಗ್ಗಿಸಹೋಗಿ ಆದದ್ದು. ಚರ್ಮಕ್ಕೆ ತಾಗಿದ್ದು ಸ್ವಲ್ಪವೇ. ಆದರೆ ಅಣ್ಣ ಆ ವಾಸನೆ ಹಿಡಿದು ಒಳಗೆ ಬಂದವನು, ನೀರು ಸುರಿದು, ಬಟ್ಟೆ ಕತ್ತರಿಸಿ, ಔಷಧ ಹಚ್ಚಿ, ಆಮೇಲೆ ಹೇಳಿದ: 'ಒಂದೋ ಒಲೆ ಸರಿ ಇಲ್ಲ, ಇಲ್ಲ ನಿನ್ನ ಕೈ ಸರಿ ಇಲ್ಲ. ಆ ಅಂಗಡಿಯವ್ರನ್ನ ಕರೆಸ್ತೀನಿ. ಒಲೆ ಸರಿ ಇದೆ ಅಂದ್ರೆ ನಾಳೆಯಿಂದ ನೀನು ಒಳಗೆ ಕಾಲಿಡೋ ಹಾಗಿಲ್ಲ.'

ಅವರು ಮಾರನೆಯ ಬೆಳಿಗ್ಗೆ ಬಂದರು. ನಮ್ಮ ಅಗಲವಾದ ನಡುಮನೆಯನ್ನು ಅಡ್ಡಡ್ಡಲಾಗಿ ದಾಟಿ, ಹಾಬಿನ ಮುಂದೆ ನಿಂತು, ಒಂದೊಂದೇ ಗುಬ್ಬಿ ತಿರುಗಿಸಿ, ಅಳತೆಪಟ್ಟಿ ಚಾಚಿ ನೋಡಿದರು. ಒಲೆಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಆಮೇಲೆ ಅಣ್ಣನಿಗೆ, 'ಯಜಮಾನ್ರೇ, ಸ್ವಲ್ಪ ಹೊರಗಿರ್ತೀರಾ? ನೀವಿದ್ರೆ ಅವ್ರು ನಿಮಗೋಸ್ಕರ ಅಡುಗೆ ಮಾಡ್ತಾರೆ' ಎಂದರು. ಅಣ್ಣ ಗೊಣಗುತ್ತ ಹೋದ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯದ್ದರಿಂದ ನಾನು ಬಾಗಿಲ ಮರೆಯಲ್ಲೇ ಉಳಿದೆ.

'ತಾಯಿ, ಒಂದು ಮೊಟ್ಟೆ ಬೇಯ್ಸಿ. ಆಟಕ್ಕಲ್ಲ, ನಿಜವಾಗ್ಲೂ ಹಸಿವಾಗಿದೆ, ತಿಂತೀನಿ.'

ಅತ್ತಿಗೆ ಎಡಗೈಯಲ್ಲಿ ಪಾತ್ರೆ ತೆಗೆದುಕೊಂಡಳು, ಎಡಗೈಯಲ್ಲೇ ನೀರು ಹಿಡಿದಳು, ಎತ್ತಲಾರದೆ ಕಟ್ಟೆಯುದ್ದಕ್ಕೂ ಜಾರಿಸಿಕೊಂಡು ಬಂದು ಒಲೆಯ ಮೇಲಿಟ್ಟಳು, ನೀರು ಚೆಲ್ಲಿತು. ಗುಬ್ಬಿ ತಿರುಗಿಸಲು ಎಡಗೈಯೇ ಉರಿಯ ಮೇಲಿಂದ ಬಲದಂಚಿಗೆ ಹಾಯಬೇಕಾಯಿತು. ಬಲಗೈ ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಅದರ ಬೆರಳ ತುದಿಗಳಲ್ಲಿ ನಾಲ್ಕೈದು ಸುಟ್ಟ ಕಲೆಗಳಿದ್ದವು. ಒಂದೇ ಮನೆಯಲ್ಲಿದ್ದೂ, ದಿನಕ್ಕೆ ಎರಡು ಹೊತ್ತು ಆ ಕೈಯಿಂದ ಬಡಿಸಿಕೊಂಡು ತಿಂದೂ, ನಾನು ಅವನ್ನು ನೋಡಿರಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

'ಈ ಕೈಗೆ ಬಿಸಿ ಗೊತ್ತಾಗಲ್ಲ' ಎಂದಳು ಅತ್ತಿಗೆ, ಮೆಲ್ಲಗೆ. 'ಆಡುತ್ತೆ. ಭಾರ ಹಿಡಿಯೋದೇ ಇಲ್ಲ. ಅವ್ರಿಗೆ ಹೇಳ್ಬೇಡಿ. ನನ್ನನ್ನ ಕೂರಿಸ್ಬಿಡ್ತಾರೆ.'

ಅವರು ಮೊಟ್ಟೆಯನ್ನು ತಿಂದು ಮುಗಿಸಿದರು. ಆಮೇಲೆ ಹೊರಗೆ ಬಂದು, ಎದುರು ನಿಂತಿದ್ದ ಅಣ್ಣನಿಗೆ ಹೇಳಿದರು, 'ತಪ್ಪು ನನ್ನದು ಯಜಮಾನ್ರೇ. ಅಳತೆ ತಪ್ಪಿದೆ.'

ಅಣ್ಣ ಇಷ್ಟು ದಿನ ನುಂಗಿಕೊಂಡಿದ್ದ ಹೆದರಿಕೆಯನ್ನೆಲ್ಲ ಅವರ ಮೇಲೆ ಸುರಿದ. ಮನುಷ್ಯರ ಪ್ರಾಣದ ಜೊತೆ ಆಟವಾಡುತ್ತೀರೇನ್ರೀ ಎಂದ, ಬಾಯಿಬಡಾಯಿ ಎಂದ, ಊರಿಗೆಲ್ಲ ಹೇಳುತ್ತೇನೆ ಎಂದ. ಇಪ್ಪತ್ತೆಂಟು ವರ್ಷಗಳ ಹೆಮ್ಮೆಯನ್ನು ಒಂದೇ ಮಾತಿನಲ್ಲಿ ಕಳಚಿಟ್ಟ ಆ ಮನುಷ್ಯ, ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ, ತಲೆ ತಗ್ಗಿಸಿ ಕೇಳಿಸಿಕೊಂಡರು. ಬಾಗಿಲ ಮರೆಯಿಂದ ಬಂದು ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಅದು ಆದದ್ದು ಅತ್ತಿಗೆಗೆ.

ಆಕೆ ಹೊರಬಂದು, ಅಣ್ಣನ ಮುಂದೆ ಬಲಗೈಯನ್ನು ಅಂಗಾತ ಹಿಡಿದಳು. 'ಅವ್ರನ್ನ ಬೈಬೇಡಿ. ಅವ್ರ ಅಳತೆ ಸರಿಯಾಗೇ ಇತ್ತು. ನಾನೇ ಅಂಗಡೀಲಿ ನಾಟಕ ಆಡಿದ್ದು.'

ಅಣ್ಣ ಆ ಬೆರಳುಗಳನ್ನು ನೋಡಿದ. ಮುಟ್ಟಿದ. 'ಯಾವಾಗಿಂದ?' ಎಂದ.

'ಮೊದಲಿಂದ್ಲೂ.'

ಆಗ ಒಲೆಯಂಗಡಿಯವರು ತಲೆ ಎತ್ತಿದರು. 'ಇಲ್ಲ ತಾಯಿ, ನಿಮ್ಮ ಮರ್ಯಾದೆಗೆ ಅಂತ ಹೇಳಿದ್ದಲ್ಲ ನಾನು. ನಲವತ್ತು ವರ್ಷ ಅಡುಗೆ ಮಾಡಿದೋರು ಪಾತ್ರೆ ನೋಡ್ತಾರೆ, ಉರಿ ನೋಡ್ತಾರೆ, ತಮ್ಮ ಕೈನ ನೋಡ್ಕೊಳಲ್ಲ. ಅವತ್ತು ನೀವು ಹಲಗೆ ಮುಂದೆ ನಿಂತು ಕಣ್ಣು ಕೀಳದೆ ಕೈನೇ ನೋಡ್ತಾ ಇದ್ರಿ. ಅದನ್ನ ಕಂಡೂ ನಾನು ಸುಣ್ಣ ಗೀಚ್ತಾ ನಿಂತೆ. ಚೆನ್ನಾಗಿ ಮಾಡ್ತಾರೆ ಅಂತ ಖುಷಿಯಾಗ್ಬಿಡ್ತು ನನಗೆ. ತಪ್ಪು ನನ್ನದೇ.'

ಅಣ್ಣ ಅತ್ತಿಗೆಯ ಕೈಯನ್ನು ಬಿಟ್ಟಿರಲಿಲ್ಲ. ಈಗ ಅಪ್ಪಣೆ ಹೊರಡುತ್ತದೆ, ಅಡುಗೆಮನೆಯ ಬಾಗಿಲು ಆಕೆಗೆ ಮುಚ್ಚಿತು ಎಂದೇ ನಾನು ತಿಳಿದೆ. ಆದರೆ ಆತ, ಕೈ ನೋಡುತ್ತಲೇ, ಸಣ್ಣ ದನಿಯಲ್ಲಿ ಕೇಳಿದ: 'ಎಡಗೈಲಿ ಅಡುಗೆ ಮಾಡೋರಿಗೆ ಅಂತ ಒಲೆ ಇದ್ಯೇನ್ರೀ?'

ಇತ್ತು. ಎರಡೇ ಉರಿಗಳದು, ಎರಡೂ ಮುಂದಿನ ಸಾಲಿನಲ್ಲಿ. ಗುಬ್ಬಿಗಳು ಎಡದ ಮುಂದಂಚಿನಲ್ಲಿ, ತಿರುಗಿಸಿದರೆ ಕಿವಿಗೆ ಕೇಳುವಂತೆ ಟಕ್ಕೆನ್ನುವಂಥವು. ಪಾತ್ರೆ ಎತ್ತದೆಯೇ ಒಂದರಿಂದ ಇನ್ನೊಂದಕ್ಕೆ ಜಾರಿಸಲು ಅಡೆತಡೆಯಿಲ್ಲದ ಎರಕದ ಕಬ್ಬಿಣದ ಚೌಕಟ್ಟು. ಕೊರೆದ ಕಲ್ಲು ಕೂಡುವುದಿಲ್ಲವಾದ್ದರಿಂದ ಹೊಸ ಕಲ್ಲೇ ಬಂತು. ಕೂರಿಸುವ ದಿನ ಅವರು ಬೆಳಗಿನಿಂದ ಸಂಜೆಯವರೆಗೆ ನಮ್ಮ ಅಡುಗೆಮನೆಯಲ್ಲೇ ಒಂದು ಮೂಲೆಗೆ ಅಂಟಿಕೊಂಡು ನಿಂತು, ಅತ್ತಿಗೆ ಮೂರು ಹೊತ್ತಿನ ಅಡುಗೆ ಮಾಡುವುದನ್ನು ನೋಡಿದರು. ದೊಡ್ಡ ಪಾತ್ರೆ ಇಳಿಸುವ ಕೆಲಸ ಅಣ್ಣನ ಪಾಲಿಗೆ ಬಂತು. ಅದಕ್ಕಾಗಿ ಆತ ಈಗ ಕೇಳದೆಯೇ ಒಳಗೆ ಹೋಗಬಹುದು, ಆದರೆ ಇಳಿಸಿದೊಡನೆ ಹೊರಗೆ ಬರಬೇಕು. ಒಲೆಯಂಗಡಿಯವರು ಆಮೇಲೆ ತಮ್ಮ ಅಳತೆಯ ಬಗ್ಗೆ ಜಂಬ ಕೊಚ್ಚಿದ್ದನ್ನು ನಾನು ಕೇಳಲಿಲ್ಲ. ಆ ಮಾತಿಗಾಗಿ ನಾನೇ ಒಮ್ಮೊಮ್ಮೆ ಹಾತೊರೆದದ್ದುಂಟು.

ವಸ್ತುಗಳನ್ನು ಬಲ್ಲವರು ಲೋಕದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಅವರ ಬಳಿ ನಾವು ನಮಗೆ ಬೇಕಾದುದನ್ನು ಕೊಂಡು ತರಬಹುದು. ಆದರೆ ನಾವೆಲ್ಲರೂ ನಮ್ಮ ಕುಂದನ್ನು ಮುಚ್ಚಿಟ್ಟುಕೊಂಡೇ ಅಂಗಡಿಗೆ ಹೋಗುವವರು. ಯಾರು ನಮ್ಮನ್ನು ಹೆಚ್ಚು ಪ್ರೀತಿಸುತ್ತಾರೋ ಅವರೆದುರಿಗೇ ಅದನ್ನು ಹೆಚ್ಚು ಮುಚ್ಚುವವರು, ಏಕೆಂದರೆ ಆ ಪ್ರೀತಿಯೇ ನಮ್ಮನ್ನು ಮೂಲೆಗೆ ಕೂರಿಸೀತೆಂಬ ಭಯ. ಎಲ್ಲೋ ಅಪರೂಪಕ್ಕೊಬ್ಬರು, ನಮಗೇನು ಬೇಕೆಂದು ಕೇಳದೆ ನಾವು ಈಗ ಏನಾಗಿದ್ದೇವೆಂದು ಕಣ್ಣಿಟ್ಟು ನೋಡಿ, ಕಂಡದ್ದಕ್ಕೆ ಕನಿಕರಿಸುತ್ತ ಕೂರದೆ, ಕಲ್ಲನ್ನೇ ಬದಲಿಸಲು ಏಳುತ್ತಾರೆ. ಅಂಥವರ ಕೈಯಲ್ಲಿ ಸಿಕ್ಕ ಮೇಲೆ ಮನುಷ್ಯನಿಗೆ ತನ್ನ ಮನೆಯಲ್ಲಿ ನಾಟಕವಾಡುವ ಅಗತ್ಯ ಬೀಳುವುದಿಲ್ಲ.