ಒಂದು ಕಂಪ್ಯೂಟರಿಗೆ ಮೂರು ಕಾವಲು

ಬೀಗದಣ್ಣನ ಮನೆಯ ಮುಂಬಾಗಿಲಿಗೆ ಮೂರು ಬೀಗ. ಮೂರೂ ಬೇರೆ ಬೇರೆ ಕಂಪನಿಯವು, ಬೇರೆ ಬೇರೆ ಅಂಗಡಿಯಲ್ಲಿ ಕೊಂಡವು. ಒಂದು ಬೀಗದ ಗುಟ್ಟು ತಿಳಿದ ಕಳ್ಳ ಎರಡನೆಯದರ ಮುಂದೆ ಪೆಚ್ಚಾಗಬೇಕು, ಮೂರನೆಯದನ್ನು ನೋಡಿ ಮನೆಗೆ ಹೋಗಿ ಮಲಗಬೇಕು ಎಂಬುದು ಅವನ ಸಿದ್ಧಾಂತ. ಒಂದು ಕಟ್ಟು ಸೊಪ್ಪು ತರಲು ಹೊರಟರೂ ಅವನ ಹೆಂಡತಿ ಮೂರನ್ನೂ ಹಾಕಬೇಕು, ಬಂದು ಮೂರನ್ನೂ ತೆಗೆಯಬೇಕು. ಅಂಥ ಮನೆಯಲ್ಲಿ ಕದಿಯುವಂಥದ್ದು ಏನಿತ್ತು ಎಂದು ಮಾತ್ರ ಕೇಳಬೇಡಿ. ಗೊರಗೊರ ಎನ್ನುವ ಫ್ರಿಜ್ಜು, ಒಂದು ಕಾಲು ಗಿಡ್ಡವಾದ ಮೇಜು, ಹನ್ನೊಂದು ಚೀಲ ಉಲ್ಲನ್ ದಾರ. ಇಷ್ಟು ವರ್ಷದಲ್ಲಿ ಒಬ್ಬ ಕಳ್ಳನೂ ಆ ಕಡೆ ತಲೆ ಹಾಕಿರಲಿಲ್ಲ.

ಆದರೆ ಮೂರು ವರ್ಷದಿಂದ ಆ ಮನೆಯಲ್ಲಿ ನಿಜಕ್ಕೂ ಬೆಲೆಬಾಳುವುದೊಂದು ಬೆಳೆಯುತ್ತಿತ್ತು. ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ಹೆಂಡತಿ ಹೆಣಿಗೆಯ ಪುಸ್ತಕ ಬರೆಯುತ್ತಿದ್ದಳು. ಸ್ವೆಟರು, ಟೋಪಿ, ಕಾಲುಚೀಲ, ಕೂಸಿನ ಹೊದಿಕೆ, ಎಲ್ಲ ಸೇರಿ ನಲವತ್ತೆರಡು ವಿನ್ಯಾಸ. ಪ್ರತಿಯೊಂದಕ್ಕೂ ಚೌಕುಳಿ ಚೌಕುಳಿಯ ಚಿತ್ರ, ಪ್ರತಿ ಸಾಲಿಗೂ ಎಷ್ಟು ಕುಣಿಕೆ ಎಂಬ ಸಂಖ್ಯೆ. ಒಂದೊಂದನ್ನೂ ಹೆಣೆದು, ಬಿಚ್ಚಿ, ಮತ್ತೆ ಹೆಣೆದು, ಸರಿ ಎನಿಸಿದ ಮೇಲೆಯೇ ಬರೆದದ್ದು. ಈ ಶುಕ್ರವಾರ ಸಂಜೆ ನಾಲ್ಕು ಗಂಟೆಯೊಳಗೆ ಅದನ್ನು ಪ್ರೆಸ್ಸಿಗೆ ಕಳಿಸಬೇಕಿತ್ತು. ತಪ್ಪಿದರೆ ಕ್ಯಾಲೆಂಡರಿನ ಕೆಲಸ ಶುರುವಾಗುತ್ತದೆ, ಆಮೇಲೆ ನಾಲ್ಕು ತಿಂಗಳು ಯಂತ್ರ ಖಾಲಿ ಇರುವುದಿಲ್ಲ ಎಂದು ಪ್ರೆಸ್ಸಿನ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು. ಅಷ್ಟರಲ್ಲಿ ಚಳಿಗಾಲ ಮುಗಿದಿರುತ್ತದೆ. ಬೇಸಿಗೆಯಲ್ಲಿ ಸ್ವೆಟರಿನ ಪುಸ್ತಕವನ್ನು ಯಾರು ಮೂಸಿ ನೋಡುತ್ತಾರೆ?

ಸೋಮವಾರ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಕೆಂಪು ಗುರುತೊಂದು ಬಂತು. ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ.

ಬೀಗದಣ್ಣನಿಗೆ ಪಿತ್ತ ನೆತ್ತಿಗೇರಿತು. "ಅಪಾಯಾನಾ? ನನ್ನ ಮನೇಲಾ?"

"ಅದ್ರ ಮೇಲೆ ಯಾಕೆ ರೇಗ್ತೀರಿ? ಹೊಸದೊಂದು ಹಾಕಿಸಿದ್ರಾಯ್ತು," ಎಂದಳು ಹೆಂಡತಿ, ಹೆಣಿಗೆ ಕಡ್ಡಿಯಿಂದ ಕಣ್ಣೆತ್ತದೆ. "ಒಂದು. ಕೇಳಿಸ್ತಾ ರೀ? ಒಂದೇ ಒಂದು."

ಕೇಳಿಸಿತು. ಕಿವಿ ಚೆನ್ನಾಗಿಯೇ ಇತ್ತು. ಆದರೆ ಭದ್ರತೆಯ ವಿಷಯದಲ್ಲಿ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳುವ ಗಂಡಸಲ್ಲ ಅವನು. ನಾಲ್ಕು ತಿಂಗಳ ಹಿಂದೆಯೂ ಹೀಗೇ ಆಗಿತ್ತು. ಪುಸ್ತಕದ ಒಂದು ನಕಲನ್ನು ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆ, ನಿಮ್ಮ ಅಂಗಡಿಯಲ್ಲಿ ಇಟ್ಟುಕೊಂಡಿರಿ ಎಂದು ಅವಳು ಕೇಳಿದ್ದಕ್ಕೆ ಬೀಗದಣ್ಣ ಹೌಹಾರಿಬಿಟ್ಟಿದ್ದ. ಮಾರುಕಟ್ಟೆಯಲ್ಲಿರುವ ಅವನ ಬೀಗ ರಿಪೇರಿ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: "ಇಲ್ಲಿ ಯಾವ ಬೀಗದ ಕೈಯ ನಕಲನ್ನೂ ಇಟ್ಟುಕೊಳ್ಳುವುದಿಲ್ಲ." ಬೀಗದ ಕೈ ಮಾಡಿಕೊಟ್ಟ ಮರುಕ್ಷಣ ಅದರ ಅಚ್ಚನ್ನು ಗಿರಾಕಿಯ ಕಣ್ಣೆದುರೇ ಸುತ್ತಿಗೆಯಿಂದ ಜಜ್ಜುತ್ತಾನೆ. ಕೆಲಸ ಕಲಿಸಿದ ಗುರುವಿನ ಮೊದಲ ಪಾಠ ಅದು. ಇಡೀ ಮಾರುಕಟ್ಟೆ ಅವನನ್ನು ನಂಬುವುದೂ ಅದಕ್ಕೇ.

"ನಕಲು ಅಂದ್ರೆ ಕಳ್ಳನಿಗೆ ನಾವೇ ಹಾಸಿಕೊಟ್ಟ ಚಾಪೆ ಕಣೇ," ಎಂದಿದ್ದ. "ನನ್ನ ಮನೇಲೇ ನಕಲು ಮಾಡಿದ್ರೆ ಗುರುಗಳಿಗೆ ಯಾವ ಮುಖ ತೋರಿಸ್ಲಿ?"

"ನಿಮ್ಮ ಗುರುಗಳು ತೀರಿಕೊಂಡು ಇಪ್ಪತ್ತು ವರ್ಷ ಆಯ್ತಲ್ರೀ."

"ಆದ್ರೂ!"

"ಆಯ್ತು ಬಿಡಿ ಮಹಾರಾಯರೇ," ಎಂದು ಅವಳು ಮಾತು ಮುಗಿಸಿದ್ದಳು.

ಇರಲಿ. ಮಂಗಳವಾರ ಅವನು ತನ್ನ ಅಂಗಡಿಯ ಎದುರು ಸಾಲಿನ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿ ನಡೆಸುವಾಕೆ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮಾತಿನಲ್ಲಿ ಮಾತ್ರ ಅವನ ಅಜ್ಜಿ. ಅವನ ಸೊಂಟದಲ್ಲಿ ಜೋತಾಡುತ್ತಿದ್ದ ಬೀಗದ ಕೈ ಗೊಂಚಲನ್ನೂ, ಅದಕ್ಕೆ ಕಟ್ಟಿದ್ದ ಹಳದಿ ಉಲ್ಲನ್ನಿನ ಗುಬ್ಬಚ್ಚಿಯನ್ನೂ ನೋಡಿ, "ಏನ್ ಬೀಗದಣ್ಣ, ಗುಬ್ಬಿ ಇನ್ನೂ ಮೊಟ್ಟೆ ಇಟ್ಟಿಲ್ವಾ?" ಎಂದಳು.

"ಸುಮ್ನಿರಮ್ಮ ತಂಗಿ. ಈ ಸಲದ ಮದುವೆ ದಿನದ ನೆನಪಿಗೆ ಅಂತ ಮನೆಯವಳು ಕಟ್ಟಿದ್ದು, ಬಿಚ್ಚಿದ್ರೆ ಮನೆಗೆ ಸೇರಿಸಲ್ಲ. ಭಾನುವಾರ ಬಂದ್ರೆ ಸಾಕು, ಹೊಲಿಗೆ ಬಿಟ್ಟಿದೆ ಅಂತ ತಗೊಂಡು ಕೂರ್ತಾಳೆ. ಊರಿಗೆಲ್ಲ ಹೆಣಿಗೆ ಹೇಳಿಕೊಡೋಳು, ಅವಳ ಗುಬ್ಬಿಗೆ ವಾರ ವಾರ ಹೊಟ್ಟೆ ಬಿಚ್ಚಿಕೊಳ್ಳುತ್ತಂತೆ! ಅದಿರಲಿ, ಒಳ್ಳೇ ಆಂಟಿವೈರಸ್ ತೋರಿಸು."

ಅವಳು ಒಂದು ಡಬ್ಬಿ ಕೊಟ್ಟಳು. ಬೀಗದಣ್ಣ ಅದನ್ನು ಅಂಗೈಯಲ್ಲಿ ತೂಗಿ ನೋಡಿದ, ಕಿವಿಯ ಹತ್ತಿರ ಅಲ್ಲಾಡಿಸಿದ. ಮುಚ್ಚಳ ತೆಗೆದರೆ ಒಳಗೆ ಸಂಖ್ಯೆ ಬರೆದ ಒಂದು ಚೀಟಿ, ಅಷ್ಟೇ.

"ಬರೀ ಕಾಗದ! ಕಳ್ಳ ಊದಿದ್ರೆ ಹಾರಿಹೋಗುತ್ತಲ್ಲಮ್ಮ. ಇದ್ರೊಳಗೆ ಲಿವರ್ ಎಷ್ಟು?"

"ಲಿವರ್ ಇಲ್ಲ ಅಣ್ಣ, ಇದು ಬೀಗ ಅಲ್ಲ. ದಿನಾ ತನ್ನಷ್ಟಕ್ಕೆ ತಾನೇ ಹೊಸದಾಗುತ್ತೆ, ಕಂಪ್ಯೂಟರನ್ನ ನಿಧಾನ ಮಾಡಲ್ಲ, ಯಾವ ಪೆನ್ ಡ್ರೈವ್ ಚುಚ್ಚಿದ್ರೂ ಮೊದಲು ಪರೀಕ್ಷೆ ಮಾಡಿ ಒಳಗೆ ಬಿಡುತ್ತೆ. ಮನೆಗೆ ಇಷ್ಟು ಸಾಕು. ಆದ್ರೆ ನೋಡಿ, ಇದರ ಜೊತೆ ಇನ್ನೊಂದು ಹಾಕೋಕೆ ಹೋಗಬೇಡಿ."

ಬೀಗದಣ್ಣ ಮೀಸೆಯಲ್ಲೇ ನಕ್ಕ. ಯಾವ ಅಂಗಡಿಯವರು ತಾನೇ ಪಕ್ಕದ ಅಂಗಡಿಯಲ್ಲೂ ಒಂದು ಕೊಳ್ಳಿ ಎನ್ನುತ್ತಾರೆ? ವ್ಯಾಪಾರ ಅವನಿಗೆ ಗೊತ್ತಿಲ್ಲವೇ?

ಬುಧವಾರ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಎರಡನೆಯದು ಬಂತು. ಹಾಕುವಾಗ ಅದು ಕೇಳಿತು: "ಇಲ್ಲಿ ಮತ್ತೊಂದು ಆಂಟಿವೈರಸ್ ಇದೆ. ತೆಗೆದುಹಾಕಲೇ?" ಬೀಗದಣ್ಣನಿಗೆ ಮೈಯೆಲ್ಲ ಉರಿಯಿತು. ಕಾವಲಿಗೆ ಸೇರಲು ಬಂದವನು ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ ಇರುವ ಕಾವಲುಗಾರನನ್ನು ಓಡಿಸು ಎನ್ನುತ್ತಾನೆ! ಎಂಥ ಅಹಂಕಾರ! ಬೇಡ ಎಂಬಲ್ಲಿ ಒತ್ತಿದ. ಗುರುವಾರ ಹೆಂಡತಿ, "ಯಾಕ್ರೀ ಇದು ಆಮೆ ಥರ ನಡೀತಿದೆ?" ಎಂದು ಗೊಣಗಿದಾಗ ಪೇಪರಿನಲ್ಲಿ ಮುಖ ಮುಚ್ಚಿಕೊಂಡ.

ಶುಕ್ರವಾರ ಮಾರುಕಟ್ಟೆಗೆ ರಜೆ. ಹೆಂಡತಿ ಬೆಳಿಗ್ಗೆ ಹೆಣಿಗೆ ತರಗತಿಗೆ ಹೊರಡುತ್ತಾ, "ಮೂರು ಗಂಟೆಗೆ ಬಂದು ನಾನೇ ಕಳಿಸ್ತೀನಿ. ಅಲ್ಲೀವರೆಗೂ ಅದನ್ನ ಮುಟ್ಟಬೇಡಿ, ನಿಮ್ಮ ದಮ್ಮಯ್ಯ," ಎಂದಳು. ತಲೆಯಾಡಿಸಿದ. ಅವಳು ಬೀದಿಯ ತಿರುವು ದಾಟಿದ್ದೇ ತಡ, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಮೂರನೆಯದನ್ನು ಇಳಿಸಿಕೊಂಡ. ಪುಸ್ತಕ ಮನೆ ಬಿಟ್ಟು ಹೊರಡುವ ದಿನ ಅಲ್ಲವೇ, ಅಂದೇ ತಾನೇ ಕಳ್ಳರು ಹೊಂಚು ಹಾಕುವುದು! ಇದೂ ಅದೇ ಪ್ರಶ್ನೆ ಕೇಳಿತು. ಇದಕ್ಕೂ ಬೇಡ ಎಂದ. ಕೈ ಉಜ್ಜಿಕೊಂಡು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಒಳಗೆ ಜಟಾಪಟಿ ಶುರುವಾಗಿತ್ತು.

ಮೊದಲನೆಯದು, ಅಪಾಯಕಾರಿ ಎಂದು ಎರಡನೆಯದರ ಹೆಸರು ಹೇಳಿತು. ಎರಡನೆಯದು ಮೂರನೆಯದರ ಕಡೆ ಬೆರಳು ಮಾಡಿತು. ಮೂರನೆಯದು ಬಂದು ಇನ್ನೂ ಕಾಲು ಗಂಟೆಯಾಗಿಲ್ಲ, ಇಬ್ಬರನ್ನೂ ಹಿಡಿದಿದ್ದೇನೆ ಎಂದು ಬೀಗುತ್ತಿತ್ತು. ಪರದೆಯ ತುಂಬ ಕೆಂಪು, ಹಳದಿ ಚೌಕಗಳು ಒಂದರ ಮೇಲೊಂದು ಬಿದ್ದವು. ಬೀಗದಣ್ಣ ಒಂದನ್ನು ಒತ್ತಿದರೆ ನಾಲ್ಕು ಹುಟ್ಟಿದವು. ಕೊನೆಗೆ ಎಲ್ಲ ಕಲ್ಲಾಗಿ ನಿಂತಿತು. ಅವನು ಪ್ಲಗ್ ಕಿತ್ತ, ಮತ್ತೆ ಚುಚ್ಚಿದ. ಪರದೆ ಬಂತು, ಪುಸ್ತಕ ಇದ್ದ ಜಾಗ ಖಾಲಿ.

ಕಂಪ್ಯೂಟರ್ ಅಂಗಡಿಯಾಕೆಗೆ ಫೋನ್ ಮಾಡಿದ. ರಜೆಯ ದಿನ ತಲೆಸ್ನಾನ ಮಾಡಿ ಕೂದಲು ಒಣಗಿಸುತ್ತಿದ್ದವಳು ಒದ್ದೆ ಜಡೆಯಲ್ಲೇ ಓಡಿಬಂದಳು, ನೋಡಿದಳು, ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಅಣ್ಣ, ಮೂರಾ? ಬಡ್ಕೊಂಡೆ ತಾನೇ ನಾನು?"

ಎರಡು ಗಂಟೆ ಹೆಣಗಾಡಿ ಅವಳು ಎರಡನ್ನು ಕಿತ್ತುಹಾಕಿದಳು. ಕಂಪ್ಯೂಟರ್ ಉಸಿರಾಡತೊಡಗಿತು. ಪುಸ್ತಕ ಮಾತ್ರ ಸಿಗಲಿಲ್ಲ.

"ಮೂರೂ ಸೇರಿ ಅದನ್ನ ಎಳೆದಾಡಿವೆ ಅಣ್ಣ. ಒಂದು ಅದನ್ನ ಕಳ್ಳ ಅಂತ ಹಿಡಿದು ಕೋಣೇಲಿ ಕೂಡಿಹಾಕಿದೆ. ಇನ್ನೊಂದು ಆ ಕೋಣೆ ಮೇಲೇ ಅನುಮಾನ ಪಟ್ಟು ಕೋಣೆಗೇ ಬೆಂಕಿ ಇಟ್ಟಿದೆ."

"ಕೋಣೆ ಬಾಗಿಲು ಎಲ್ಲಿದೆ ತೋರಿಸು. ನಾನು ತೆಗೀತೀನಿ."

"ಬಾಗಿಲೇ ಇಲ್ಲ ಅಣ್ಣ."

ಚಿನ್ನದಂಗಡಿಯ ತಿಜೋರಿಯನ್ನು ಹನ್ನೊಂದು ನಿಮಿಷದಲ್ಲಿ ತೆಗೆದವನು ಅವನು. ಬಚ್ಚಲಿನಲ್ಲಿ ಸಿಕ್ಕಿಕೊಂಡ ಮುದುಕಿಯರನ್ನು, ಕಾರಿನೊಳಗೆ ಉಳಿದ ಕೂಸುಗಳನ್ನು ಹೊರತಂದವನು. ಇಂದು ಅರ ಹಿಡಿಯುವ ಕೈಗೆ ಮಾಡಲು ಕೆಲಸವೇ ಇರಲಿಲ್ಲ. ಪ್ರೆಸ್ಸಿನವರು ಒಪ್ಪಿದ ದಿನ ಹೆಂಡತಿ ಕಡ್ಡಿ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಗಿರಗಿರ ತಿರುಗಿದ್ದು ಅವನಿಗೆ ನೆನಪಾಯಿತು. ಮೂರು ವರ್ಷ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಣಿಕೆ ಎಣಿಸಿದ್ದಳು. ಕಳ್ಳ ಬರಲೇ ಇಲ್ಲ. ಕಳ್ಳನ ಕೆಲಸವನ್ನು ತಾನೇ ಮಾಡಿ ಮುಗಿಸಿದೆನಲ್ಲ ಎಂದು ಅವನಿಗೆ ಅಳುವೇ ಬಂತು.

ಮೂರೂ ಹತ್ತಕ್ಕೆ ಮುಂಬಾಗಿಲಿನ ಮೊದಲ ಬೀಗ ಕಟಕ್ಕೆಂದಿತು. ಬೀಗದಣ್ಣ ಎದ್ದು ನಿಂತ. ಎರಡನೆಯದು ಕಟಕ್ಕೆಂದಿತು. ಜೀವ ಬಾಯಿಗೆ ಬಂತು. ಮೂರನೆಯದು ಯಾವಾಗಲೂ ಸ್ವಲ್ಪ ಸತಾಯಿಸುತ್ತದೆ, ಇಂದು ಅದು ಇನ್ನಷ್ಟು ಸತಾಯಿಸಲಿ ಎಂದು ಹರಸಿಕೊಂಡ. ಅದೂ ತೆರೆಯಿತು.

ಹೆಂಡತಿ ಒಳಗೆ ಬಂದು, ಒದ್ದೆ ಜಡೆಯ ಅಂಗಡಿಯಾಕೆಯನ್ನು ನೋಡಿದಳು, ಗಂಡನ ಹುಳ್ಳಗಿನ ಮುಖ ನೋಡಿದಳು, ಚೀಲ ಕೆಳಗಿಟ್ಟಳು.

"ಪುಸ್ತಕ ಹೋಯ್ತು ಕಣೇ," ಎಂದ ಬೀಗದಣ್ಣ. ಸುತ್ತಿಬಳಸಿ ಹೇಳಲು ಅವನಿಂದಾಗಲಿಲ್ಲ. "ನಾನೇ ಕಳೆದೆ."

"ಎಷ್ಟು ಹಾಕಿದ್ರಿ?"

"ಮೂರು."

"ನಾನೆಷ್ಟು ಹೇಳಿದ್ದೆ?"

"ಒಂದು."

ಅವಳು ಗಡಿಯಾರ ನೋಡಿದಳು. ಕೈ ಚಾಚಿದಳು. "ಬೀಗದ ಕೈ ಗೊಂಚಲು ಕೊಡಿ."

ಮುಗಿಯಿತು, ತನ್ನನ್ನು ಹೊರಗೆ ಹಾಕಿ ಮೂರೂ ಬೀಗ ಜಡಿಯುತ್ತಾಳೆ ಎಂದುಕೊಂಡ ಬೀಗದಣ್ಣ. ನ್ಯಾಯವೇ ಅನ್ನಿಸಿತು. ಸೊಂಟದಿಂದ ಗೊಂಚಲು ಬಿಚ್ಚಿ ಕೊಟ್ಟ.

ಅವಳು ಕತ್ತರಿ ತೆಗೆದುಕೊಂಡು ಹಳದಿ ಗುಬ್ಬಚ್ಚಿಯ ಹೊಟ್ಟೆಯ ಎರಡು ಹೊಲಿಗೆ ಕತ್ತರಿಸಿ, ಬೆರಳು ತೂರಿಸಿ, ಒಂದು ಪುಟ್ಟ ಕಪ್ಪು ಪೆನ್ ಡ್ರೈವ್ ಹೊರಗೆಳೆದಳು.

"ಮೊಟ್ಟೆ ಇಟ್ಬಿಡ್ತು!" ಎಂದು ಕೂಗಿದಳು ಅಂಗಡಿಯಾಕೆ.

ಚುಚ್ಚಿದ ಕೂಡಲೇ, ಉಳಿದಿದ್ದ ಒಂದು ಆಂಟಿವೈರಸ್ ಇದನ್ನು ಪರೀಕ್ಷಿಸಲೇ ಎಂದು ಸಭ್ಯವಾಗಿ ಕೇಳಿತು. "ನಾಲ್ಕು ತಿಂಗಳು ನನ್ನ ಸೊಂಟದಲ್ಲಿತ್ತು, ಅದಕ್ಕೆಂಥ ರೋಗ?" ಎಂದು ಬಾಯಿ ಬಿಟ್ಟ ಬೀಗದಣ್ಣ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಒಂದು ನಿಮಿಷದಲ್ಲಿ ಪರೀಕ್ಷೆ ಮುಗಿಯಿತು. ನಲವತ್ತೆರಡೂ ಇದ್ದವು. ಭಾನುವಾರದಿಂದೀಚೆಗೆ ಅವಳು ಬದಲಾಯಿಸಿದ್ದು ಒಂದೇ, ಹದಿನೇಳನೆಯ ಸ್ವೆಟರಿನ ತೋಳಿನಲ್ಲಿ ಅರವತ್ತನಾಲ್ಕು ಕುಣಿಕೆ ಅರವತ್ತೆರಡಾಗಬೇಕಿತ್ತು. ಅದನ್ನು ತಿದ್ದಿ, ಮೂರೂ ಮುಕ್ಕಾಲಿಗೆ ಕಳಿಸಿದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ರೆಸ್ಸಿನ ಯಜಮಾನರು ಫೋನ್ ಮಾಡಿ, ಬಂತು ತಾಯಿ, ಎಂದರು.

ಅಂಗಡಿಯಾಕೆ ನಗುತ್ತಾ ಮನೆಗೆ ಹೋದ ಮೇಲೆ ಬೀಗದಣ್ಣ ಗಿಡ್ಡ ಕಾಲಿನ ಮೇಜಿನ ಮುಂದೆ ಕೂತ. "ನನ್ನ ಸೊಂಟದಲ್ಲೇ ನಕಲು! ಗಿರಾಕಿಗಳ ಮುಂದೆ ಅಚ್ಚು ಜಜ್ಜೋನು ನಾನು!"

"ನೀವೇನು ಇಟ್ಕೊಂಡ್ರಾ? ಇಟ್ಟೋಳು ನಾನು. ನಿಮ್ಮ ಗುರುಗಳು ಕೇಳಿದ್ರೆ ನನ್ನ ಹೆಸರು ಹೇಳಿ."

"ಅಲ್ಲ, ಇಡೋಕೆ ಬೇರೆ ಜಾಗ ಸಿಗಲಿಲ್ವಾ?"

"ಎಲ್ಲಾ ಯೋಚನೆ ಮಾಡಿದೆ ರೀ," ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ. "ಬೀರುವಿನಲ್ಲಿ ಇಡೋಕೂ ಭಯ, ಡಬ್ಬೀಲಿ ಇಡೋಕೂ ಭಯ. ನೀವು ಮಾತ್ರ ಇಷ್ಟು ವರ್ಷದಲ್ಲಿ ಒಂದು ದಿನ, ಒಬ್ಬರ ಒಂದು ಬೀಗದ ಕೈ ಕಳೆದವರಲ್ಲ. ಸ್ನಾನಕ್ಕೆ ಹೋದ್ರೂ ಗೊಂಚಲು ಕಣ್ಣೆದುರು ನೇತುಹಾಕ್ತೀರಿ. ನಿಮ್ಮ ಸೊಂಟಕ್ಕಿಂತ ಭದ್ರವಾದ ಜಾಗ ಎಲ್ಲಾದ್ರೂ ಇದ್ರೆ ಹೇಳಿ, ಮುಂದಿನ ಪುಸ್ತಕ ಅಲ್ಲಿಡ್ತೀನಿ."

ಬೈಯಬೇಕು ಎಂದುಕೊಂಡಿದ್ದ ಬೀಗದಣ್ಣ ಕತ್ತರಿಯನ್ನು ಅವಳ ಕೈಗೆಟುಕುವಂತೆ ಸರಿಸಿದ. ಮಾರುಕಟ್ಟೆಯವರೆಲ್ಲ ಅವನನ್ನು ನಂಬುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ದಿನಾ ಅವನ ಬೀಗಗಳಿಗೆ ಹಿಡಿಶಾಪ ಹಾಕುವ ಇವಳು ಎಲ್ಲರಿಗಿಂತ ಹೆಚ್ಚು ನಂಬಿದ್ದಳು ಎಂಬುದು ಗೊತ್ತಿರಲಿಲ್ಲ.

ಭಾನುವಾರ ಊಟವಾಯಿತು. ಕಂಪ್ಯೂಟರಿನಲ್ಲಿ ಎರಡನೆಯ ಪುಸ್ತಕದ ಮೊದಲ ಕೈಗವಸು ತೆರೆದಿತ್ತು. ಬೀಗದಣ್ಣ ಗೊಂಚಲನ್ನು ತಾನೇ ಬಿಚ್ಚಿ ಕತ್ತರಿಯ ಪಕ್ಕದಲ್ಲಿ ಇಟ್ಟ. "ಗುಬ್ಬಿ ಹೊಟ್ಟೆ ಬಿಚ್ಚಿಕೊಂಡಿದೆ ನೋಡೇ," ಎಂದ. ಗುಬ್ಬಿಯ ಹೊಟ್ಟೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ, ನಕಲು ಮಾಡುವುದನ್ನು ಅವನು ಕಣ್ಣಾರೆ ನೋಡುವಂತಿರಲಿಲ್ಲವಲ್ಲ.