ಪಾತಾಳದ ಅಳಿಯ

ಮದುವೆಯಾಗಿ ಮೂರು ತಿಂಗಳಾಗುತ್ತ ಬಂದಿದ್ದರೂ ಗಂಗಾಂಬಿಕಾಗೆ ಗಂಡನ ಜೊತೆ ಒಂದು ಸಲವಾದರೂ ಕೂತು ಮಾತಾಡಿದ ನೆನಪಿರಲಿಲ್ಲ. ಕಾನಹೊಸಹಳ್ಳಿ ಹತ್ತಿರದ ತೋಟದ ಮನೆ ಅವರದು. ಗವಿಸಿದ್ದೇಶ್ ಬೆಳಿಗ್ಗೆ ಎದ್ದು ದಾಳಿಂಬೆ ಗಿಡಗಳ ನಡುವೆ ಹೊಕ್ಕರೆ ಹೊತ್ತು ಮುಳುಗಿದ ಮೇಲೆಯೇ ಹೊರಗೆ ಬರುವುದು. ಬಂದವನು ‘ಊಟ ಆತಾ?’ ಅನ್ನುತ್ತಿದ್ದ. ಆತು ಅಂದರೂ ತಲೆಯಾಡಿಸುತ್ತಿದ್ದ, ಇಲ್ಲ ಅಂದರೂ ತಲೆಯಾಡಿಸುತ್ತಿದ್ದ. ಕೊಟ್ಟೂರಿನ ಪೇಟೆಯಲ್ಲಿ, ಅಪ್ಪನ ಕಿರಾಣಿ ಅಂಗಡಿಯ ಗದ್ದಲದೊಳಗೆ ಬೆಳೆದ ಹುಡುಗಿಗೆ ಇದು ಸಂಸಾರವೋ ಮೌನವ್ರತವೋ ತಿಳಿಯದಾಯಿತು. ಕೊನೆಗೆ ಅವಳೇ ಒಂದು ತೀರ್ಮಾನಕ್ಕೆ ಬಂದಳು: ಇವನಿಗೆ ನಾನು ಇಷ್ಟವಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ತೊಂಬತ್ತೆಂಟನೆಯ ಇಸವಿಯ ಆಷಾಢ. ಹೊಸ ಸೊಸೆಯಂದಿರು ಆ ತಿಂಗಳು ತವರಿಗೆ ಹೋಗುವುದು ರೂಢಿ. ಗಂಗಾಂಬಿಕಾ ತನ್ನ ಸೀರೆಗಳನ್ನೆಲ್ಲ ಟ್ರಂಕಿಗೆ ತುಂಬಿಕೊಂಡು ಹೊರಟಳು. ಒಂದು ತಿಂಗಳಿಗೆ ಇಷ್ಟೊಂದು ಸೀರೆ ಯಾಕೆಂದು ಅತ್ತೆ ಕೇಳಲಿಲ್ಲ. ಗಂಡನಂತೂ ಕೇಳುವ ಪೈಕಿಯೇ ಅಲ್ಲ. ತಿರುಗಿ ಬರುವುದೋ ಬೇಡವೋ ಎಂಬುದು ಅವಳಿಗೇ ಇನ್ನೂ ಗೊತ್ತಿರಲಿಲ್ಲ.

ತಾಯಿ ನಾಗಲಿಂಗಮ್ಮ ಮಗಳ ಗೋಳು ಕೇಳಿ ಕಣ್ಣೀರು ಹಾಕಿದಳು. ಮಗಳು ಅತ್ತರೆ ಹೆತ್ತವಳಿಗೆ ಸಂಕಟವೇ ಸರಿ. ಆದರೆ ತನ್ನ ಮನೆಯಲ್ಲೇ, ತನ್ನ ಪಕ್ಕದಲ್ಲೇ ಕೂತು ಅತ್ತರೆ ಆ ಸಂಕಟದೊಳಗೆ ಒಂದು ಚೂರು ಖುಷಿಯೂ ಸೇರಿಕೊಂಡಿರುತ್ತದೆ.

“ಮನಸಿಲ್ಲಂದ್ರ ಹೋಗಬ್ಯಾಡ ಬಿಡವ್ವಾ. ನಮಗೇನು ನೀ ಭಾರಾಗೀಯೇನು?” ಎಂದಳು.

ಅದೇ ಓಣಿಯ ಮಾಳಿಗೆ ಮನೆಯಲ್ಲಿ ಸುಮಲತಾ ಮೇಡಂ ಇದ್ದರು. ಬಿ.ಎ.ಯಲ್ಲಿ ಗಂಗಾಂಬಿಕಾಗೆ ಮನಃಶಾಸ್ತ್ರ ಪಾಠ ಮಾಡಿದವರು, ಹರಪನಹಳ್ಳಿ ಕಡೆಯವರು. ಅವರಿಗೊಂದು ಚಟ. ಯಾರನ್ನು ಕಂಡರೂ ಇವರು ಗ್ರೀಕರ ಯಾವ ದೇವರ ಅಚ್ಚು ಎಂದು ಲೆಕ್ಕ ಹಾಕುವುದು. ಕಾಲೇಜಿನ ಪ್ರಿನ್ಸಿಪಾಲರು ಗುಡುಗು ಸಿಡಿಲಿನ ದೇವರು ಜೀಯಸ್, ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟಿಸುವ ಗುಮಾಸ್ತರು ಹರ್ಮಿಸ್. ಜೊತೆಗೆ ಪಾಶ್ಚಾತ್ಯ ಜ್ಯೋತಿಷದ ಹುಚ್ಚು ಬೇರೆ. ಗಂಗಾಂಬಿಕಾ ಒಂದು ಮಧ್ಯಾಹ್ನ ಅವರ ಮುಂದೆ ಕೂತು ತನ್ನ ಕತೆಯನ್ನೆಲ್ಲ ಹೇಳಿಕೊಂಡಳು.

“ಹುಟ್ಟಿದ್ದು ಯಾವಾಗ ನಿನ್ನ ಗಂಡ?” ಕೇಳಿದರು ಮೇಡಂ.

“ನವೆಂಬರ್ ಮೊದಲನೇ ವಾರ್ದಾಗ್ರಿ.”

“ವೃಶ್ಚಿಕ. ಆ ಜ್ಯೋತಿಷದಾಗೆ ಅದಕ್ಕೆ ಪ್ಲೂಟೊ ಒಡೆಯ. ಪ್ಲೂಟೊ ಅಂದ್ರೆ ಹೇಡಿಸ್. ನೀನು ಹೇಳಿದ್ದು ಕೇಳಿದ್ರೆ ನಿನ್ನ ಗಂಡ ಅವನ ಅಚ್ಚೇ ಕಣಮ್ಮ!”

ಮೇಡಂ ಕತೆ ಹೇಳಿದರು. ಅಣ್ಣತಮ್ಮಂದಿರು ಮೂವರು ಲೋಕ ಹಂಚಿಕೊಂಡಾಗ ಒಬ್ಬನಿಗೆ ಆಕಾಶ, ಒಬ್ಬನಿಗೆ ಸಮುದ್ರ, ಹೇಡಿಸನ ಪಾಲಿಗೆ ಬಂದದ್ದು ಪಾತಾಳ, ಸತ್ತವರ ಲೋಕ. ನೆಲದೊಳಗಿನ ಸಂಪತ್ತೆಲ್ಲ ಅವನದೇ. ಆದರೆ ದೇವತೆಗಳ ಸಭೆಗೆ ಬರುವವನಲ್ಲ. ಹಾಕಿಕೊಂಡರೆ ಯಾರ ಕಣ್ಣಿಗೂ ಬೀಳದ ಟೊಪ್ಪಿಗೆಯೊಂದು ಅವನ ಹತ್ತಿರ ಇತ್ತು. ಒಬ್ಬ ಹುಡುಗಿಯ ಮೇಲೆ ಮನಸ್ಸಾಯಿತು. ನನ್ನನ್ನು ಒಪ್ಪುತ್ತೀಯಾ ಎಂದು ಕೇಳಲು ಬಾಯಿ ಬರದೆ, ಕುದುರೆ ಬಂಡಿಯಲ್ಲಿ ಹೊತ್ತುಕೊಂಡು ಹೋದ. ಹುಡುಗಿಯ ತಾಯಿ ಮಾಡಿದ ದುಃಖಕ್ಕೆ ಭೂಮಿಯ ಮೇಲೆ ಪೈರೇ ಬೆಳೆಯಲಿಲ್ಲ. ಕಡೆಗೆ ದೊಡ್ಡವರು ನಡುವೆ ಬಂದು, ವರ್ಷದಲ್ಲಿ ಕೆಲವು ತಿಂಗಳು ಹುಡುಗಿ ತವರಲ್ಲಿರಲಿ ಎಂದು ರಾಜಿ ಮಾಡಿಸಿದರು.

“ನಮ್ಮ ಆಷಾಢ ಇದ್ದಂಗ ಐತಲ್ರಿ!” ಎಂದಳು ಗಂಗಾಂಬಿಕಾ.

ಮೇಡಂ ನಕ್ಕರು. “ಹಂಗೇ ಅನ್ಕೋ. ನೋಡು, ಇಂಥ ಗಂಡಸರು ಒಳಗೊಳಗೇ ಬದುಕೋರು. ಮಾತಾಡಲ್ಲ ಅಂದ್ರೆ ನೀನು ಅವರ ಕಣ್ಣಿಗೆ ಬಿದ್ದಿಲ್ಲ ಅಂತಲ್ಲ. ಏನಂತಾರೆ ಅನ್ನೋದು ಬಿಡು, ಏನು ಮಾಡ್ಯಾರೆ ಅದನ್ನ ನೋಡು. ಆಮೇಲೆ ಇದು ಬರೀ ಅಚ್ಚು. ಮನುಷ್ಯ ಹೆಂಗೆ ಅನ್ನೋದು ನಿನಗೇ ಗೊತ್ತಾಗಬೇಕು.”

ಗಂಗಾಂಬಿಕಾ ಮೆಟ್ಟಿಲಿಳಿಯುತ್ತ ಯೋಚಿಸಿದಳು. ಬಚ್ಚಲ ಬಾಗಿಲಿಗೆ ಚಿಲಕವಿರಲಿಲ್ಲ, ಅವಳು ಬಂದ ವಾರದಲ್ಲೇ ಬಂದಿತ್ತು. ಅಡಿಗೆಮನೆಯ ಹೊಗೆಗೆ ಕೆಮ್ಮಿದ್ದಳು, ಎರಡು ದಿನದಲ್ಲಿ ಗೋಡೆಗೆ ಬೆಳಕಿಂಡಿ ಬಿದ್ದಿತ್ತು. ಟ್ರಂಕಿನಲ್ಲಿ ಕೊಳೆಯುತ್ತಿದ್ದ ಅವಳ ಬಿ.ಎ. ಪುಸ್ತಕಗಳಿಗೆ ಒಂದು ದಿನ ಗೋಡೆಯ ಮೇಲೆ ಹಲಗೆ ಬಂದು ಕೂತಿತ್ತು. ಅತ್ತೆ ಮಾಡಿಸಿರಬೇಕು ಎಂದುಕೊಂಡಿದ್ದಳು. ಆದರೆ ಹಲಗೆ ಕಂಡ ಅತ್ತೆ ‘ಯಾರು ನನ್ನ ಗ್ವಾಡಿಗೆ ಮೊಳಿ ಹೊಡದೋರು?’ ಎಂದು ಗೊಣಗಿದ್ದು ಈಗ ನೆನಪಾಯಿತು. ಮಾತಿಗಾಗಿ ಕಿವಿ ತೆರೆದು ಕೂತವಳು ಕಣ್ಣು ತೆರೆಯುವುದನ್ನೇ ಮರೆತಿದ್ದಳು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮನೆಗೆ ಬಂದಾಗ ತಾಯಿ ಕೇಳಿದಳು:

“ಏನಂದ್ರು ಮೇಡಂ?”

“ಇವರು ಗ್ರೀಕರ ಒಬ್ಬ ದೇವರಿದ್ದಂಗ ಅದಾರಂತವ್ವಾ. ಪಾತಾಳದ ದೊರಿ. ಸತ್ತೋರ ಲೋಕ ಆಳ್ತಾನಂತ.”

ನಾಗಲಿಂಗಮ್ಮನ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು. “ಅಂದ್ರ... ಯಮ?”

“ಹಂಗಲ್ಲವ್ವಾ, ಅದು ಮನಸ್ಸಿನ—”

ಮುಂದಿನದು ನಾಗಲಿಂಗಮ್ಮನ ಕಿವಿಗೆ ಬೀಳಲೇ ಇಲ್ಲ. ಓದಿದ ಹೆಣ್ಣುಮಗಳು, ಹುಟ್ಟಿದ ದಿನ ನೋಡಿ ಹೇಳಿದ್ದಾಳೆ, ಸುಳ್ಳಾಗುತ್ತದೆಯೇ? ಅವತ್ತೇ ಜ್ಯೋತಿಷಿ ವೀರಭದ್ರಯ್ಯನವರ ಮನೆಗೆ ಓಡಿದಳು. ಅವರು ಅಳಿಯನ ಜಾತಕವನ್ನು ತಿರುವಿ ಮುರುವಿ ನೋಡಿ, “ನಮ್ಮ ನವಗ್ರಹದಾಗ ಆ ಪ್ಲೂಟೊ ಅನ್ನೋನು ಇಲ್ಲ ತಂಗಿ. ಇಲ್ಲದೋನಿಗೆ ನಾ ಹೆಂಗ ಶಾಂತಿ ಮಾಡಿಸ್ಲಿ?” ಎಂದು ಕೈಚೆಲ್ಲಿದರು. ನವಗ್ರಹದ ಕೈಗೂ ಸಿಗದ ಗ್ರಹ ಎಂದಮೇಲೆ ನಾಗಲಿಂಗಮ್ಮನ ಎದೆ ಇನ್ನಷ್ಟು ಒಡೆಯಿತು. ಮರುದಿನ ಮಗಳನ್ನು ಎಳೆದುಕೊಂಡು ಉಚ್ಚಂಗಿದುರ್ಗದ ಗುಡ್ಡ ಹತ್ತಿ, ಉಚ್ಚಂಗೆಮ್ಮನಿಗೆ ಉಡಿ ತುಂಬಿ, ನನ್ನ ಕೂಸನ್ನು ಯಮನ ಕೈಯಿಂದ ಕಾಪಾಡು ತಾಯೀ ಎಂದು ಬೇಡಿಕೊಂಡಳು.

ಉಚ್ಚಂಗೆಮ್ಮನ ಹತ್ತಿರ ಹೇಳಿಕೊಂಡದ್ದು ಆ ದೇವಿಯ ಹತ್ತಿರವೇ ಇರುತ್ತಿತ್ತು. ಆದರೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಬಳೆಗಾರ್ತಿ ಓಬಮ್ಮನ ಹತ್ತಿರವೂ ಹೇಳಿಕೊಂಡಳು. ಓಬಮ್ಮ ಬಳೆ ಮಾರುವುದು ಕಾನಹೊಸಹಳ್ಳಿ ಸುತ್ತಮುತ್ತಲೇ.

ನಾಲ್ಕು ದಿನ ಕಳೆದ ಮೇಲೆ ಅಂಗಡಿಯ ಫೋನು ಬಡಿದುಕೊಂಡಿತು. ಗವಿಸಿದ್ದೇಶನ ತಾಯಿ. “ನನ್ನ ಮಗ ಯಮ ಅಂತಲ್ರಿ? ಯಮನ ಮನಿಂದ ನಿಮ್ಮ ಮಗಳ್ನ ಕರ್ಯಾಕ ಯಾರೂ ಬರಂಗಿಲ್ಲ. ನೀವ ಇಟಗೊಳ್ರಿ” ಎಂದು ಇಟ್ಟುಬಿಟ್ಟರು. ಗಂಗಾಂಬಿಕಾಳ ತಂದೆ ಗುರುಸಂಗಪ್ಪ ಸಕ್ಕರೆ ತೂಗುವುದನ್ನು ಅರ್ಧಕ್ಕೇ ಬಿಟ್ಟು ಎದ್ದ. ಮನೆಗೆ ಬಂದು ಹೆಂಡತಿಗೆ ಬಾಯಿಗೆ ಬಂದಂತೆ ಬೈದ. ಆಮೇಲೆ ಅವಳು ಅಳುವುದು ನೋಡಲಾರದೆ ತಾನೇ ನೀರು ತಂದುಕೊಟ್ಟ.

ಶ್ರಾವಣ ಬಂತು. ಪಂಚಮಿಯ ಉಂಡೆ ಕಟ್ಟಿದ್ದಾಯಿತು, ಜೋಕಾಲಿ ಇಳಿಸಿದ್ದೂ ಆಯಿತು. ಓಣಿಯ ಬೇರೆ ಹೆಣ್ಣುಮಕ್ಕಳನ್ನು ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಇವಳನ್ನು ಕರೆಯಲು ಯಾರೂ ಬರಲಿಲ್ಲ. ಹೋಗುವುದೋ ಬೇಡವೋ ಎಂದು ತೂಗುತ್ತಿದ್ದವಳಿಗೆ ಈಗ, ಹೋಗೆಂದು ಹೇಳುವವರೂ ಬಾರೆಂದು ಕರೆಯುವವರೂ ಇಲ್ಲದ ಹೊತ್ತಿನಲ್ಲಿ, ಹೋಗಬೇಕು ಎಂಬುದು ಖಾತ್ರಿಯಾಯಿತು. ಕೂಡ್ಲಿಗಿ ಬಸ್ಸಿನ ಹಾರನ್ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ತಾನೇ ಹೋಗಿಬಿಡಲೇ ಅನಿಸುತ್ತಿತ್ತು. ಆದರೆ ಯಮ ಎಂದು ಹೆಸರಿಟ್ಟು ಯಾವ ಮುಖ ಹೊತ್ತು ಹೋಗುವುದು?

ಒಂದು ಸೋಮವಾರ, ಹನ್ನೊಂದರ ಬಸ್ಸಿಗೆ, ಗವಿಸಿದ್ದೇಶ್ ಒಬ್ಬನೇ ಬಂದ.

ಹಿಂದೆ ಹಿರಿಯರಿಲ್ಲ, ಮುಂದೆ ಹೇಳಿಕೆಯಿಲ್ಲ. ಗುರುಸಂಗಪ್ಪ ಅಂಗಡಿಯಿಂದ ಬರಿಗಾಲಲ್ಲೇ ಓಡಿಬಂದ. “ಬರ್ರಿ ಬರ್ರಿ ಅಳಿಯಂದ್ರ, ಕುಂದ್ರಿ” ಎಂದು ಕಂಬಳಿ ಹಾಸಿದ. ಗವಿಸಿದ್ದೇಶ್ ಕೂತ. ನೀರು ಕುಡಿದ. ಚಹಾ ಕುಡಿದ. ಗೋಡೆ ನೋಡಿದ. ಇವನು ಯಾವಾಗ ಸಿಡಿಯುತ್ತಾನೋ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದರು. ತಡೆಯಲಾರದೆ ನಾಗಲಿಂಗಮ್ಮನೇ ಹೊರಗೆ ಬಂದಳು.

“ತಪ್ಪಾತಪಾ. ಮಗಳ ಮ್ಯಾಲಿನ ಮೋಹಕ್ಕ ನನ್ನ ಬಾಯಿ ಹಾಳಾತು. ಬೈದುಬಿಡು ನನ್ನ.”

ಅವನು ಚಹಾದ ಲೋಟ ಕೆಳಗಿಟ್ಟ. “ಯಮ ಅಂದ್ರ ಬೈಗಳೇನ್ರಿ ಅತ್ತಿ? ಬಡವರು, ಸಾಹುಕಾರ್ರು ಅನ್ನದ ಎಲ್ಲಾರ ಮನಿಗೂ ತಪ್ಪದಂಗ ಬರೋ ದೇವರು ಅವನೊಬ್ಬನ. ನಾನೂ ಬಂದೀನಿ ನೋಡ್ರಿ.”

ಗುರುಸಂಗಪ್ಪನಿಗೆ ಮೊದಲು ತಿಳಿಯಲಿಲ್ಲ, ತಿಳಿದಮೇಲೆ ಚಹಾ ಮೂಗಿಗೆ ಹತ್ತುವಂತೆ ನಕ್ಕ. ನಾಗಲಿಂಗಮ್ಮ ಅಳುತ್ತಲೇ ನಕ್ಕಳು. ಬಾಗಿಲ ಮರೆಯಲ್ಲಿದ್ದ ಗಂಗಾಂಬಿಕಾ ಮಾತ್ರ ನಗಲಿಲ್ಲ, ಯಾಕೆಂದರೆ ಅವನು ಈಗ ಅವಳ ಕಡೆ ತಿರುಗಿದ್ದ.

“ನಿನಗ ಬರಾಕ ಮನಸೈತೇನು?”

“ಅದೇನು ಕೇಳೋದಪಾ, ಈಗಿಂದೀಗ ಕಳಸ್ತೀವಿ” ಎಂದ ಗುರುಸಂಗಪ್ಪ.

“ನಿಮ್ಮನ್ನಲ್ರಿ ಮಾವ. ಆಕಿನ್ನ ಕೇಳೀನಿ. ಮದುವಿಗಿಂತ ಮದ್ಲ ಕೇಳಬೇಕಿತ್ತು. ಹೆಂಗ ಕೇಳಬೇಕಂತ ನನಗ ತಿಳೀಲಿಲ್ಲ.”

ಹೆಣ್ಣು ನೋಡುವ ದಿನ ಸೋದರಮಾವನನ್ನು ಕೇಳಿದ್ದರು, ದೊಡ್ಡಪ್ಪನನ್ನು ಕೇಳಿದ್ದರು, ಮಠದ ಸ್ವಾಮಿಗಳನ್ನೂ ಕೇಳಿದ್ದರು. ಗಂಗಾಂಬಿಕಾಳನ್ನು ಯಾರೂ ಕೇಳಿರಲಿಲ್ಲ. ಅವಳಿಗೂ ಅದು ತಪ್ಪೆಂದು ಅನಿಸಿರಲಿಲ್ಲ. ಈಗ ಅಪ್ಪ, ಅವ್ವ, ಗಂಡ ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು. ಆ ಮನುಷ್ಯನ ಮೇಲೆ, ಅವನನ್ನು ನೋಡಲು ಕಲಿಸಿದ ಮೇಡಂ ಮೇಲೆ, ಎಡವಟ್ಟು ಮಾಡಿ ಅವನ ಬಾಯಿ ಬಿಡಿಸಿದ ಅವ್ವನ ಮೇಲೂ ಹೇಳತೀರದ ಕೃತಜ್ಞತೆ ಉಕ್ಕಿತು. ಆದರೂ ಸಿಕ್ಕಿದ್ದನ್ನು ಇಷ್ಟು ಬೇಗ ಮುಗಿಸಲು ಮನಸ್ಸಾಗಲಿಲ್ಲ.

“ಇಲ್ಲ ಅಂದ್ರ?” ಎಂದಳು.

“ಮೂರರ ಬಸ್ಸಿಗೆ ಒಬ್ಬನ ಹೋಗ್ತೀನಿ. ದೀಪಾವಳಿಗೆ ಬಂದು ಮತ್ತ ಕೇಳ್ತೀನಿ.”

“ಆಗೂ ಇಲ್ಲ ಅಂದ್ರ?”

“ಸಂಕ್ರಾಂತಿಗೆ ಬರ್ತೀನಿ.”

“ಬ್ಯಾಡ್ರಿ, ಅಷ್ಟು ಸಲ ಯಾಕ ತಿರಗಾಡ್ತೀರಿ?” ಎಂದಳು ಗಂಗಾಂಬಿಕಾ. ದನಿ ನಡುಗಿದ್ದು ಎಲ್ಲರಿಗೂ ಕೇಳಿಸಿತು. “ಬರ್ತೀನಿ. ಮದ್ಲು ಊಟ ಮಾಡ್ರಿ.”

ಮೂರರ ಬಸ್ಸಿನಲ್ಲಿ ಅವನು ಅವಳಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಕೂಡ್ಲಿಗಿ ಮುಟ್ಟುವವರೆಗೂ ಮತ್ತೆ ತುಟಿ ಬಿಚ್ಚಲಿಲ್ಲ. ಅವಳು ತಿಂಗಳುಗಟ್ಟಲೆ ಒಳಗಿಟ್ಟುಕೊಂಡದ್ದನ್ನೆಲ್ಲ ದಾರಿಯುದ್ದಕ್ಕೂ ಹೇಳಿದಳು. ಅವನು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡ.